ಪರೀಕ್ಷೆ, ಆಸ್ಪತ್ರೆ, ಮಾರ್ಚ್ ಎಂಡ್ ಒಟ್ಟಿಗೆ ಬಂದಾಗ ಊಟ-ತಿಂಡಿ ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕ್ರಾಂತಿಯ ಎಳ್ಳು-ಬೆಲ್ಲದ ಡಬ್ಬಿ ಖಾಲಿಯಾಗುವ ಹೊತ್ತಿಗೆ ಬೆಂಗಳೂರಿನ ಬಹಳ ಮನೆಗಳಲ್ಲಿ ಗಡಿಬಿಡಿ ಶುರುವಾಗುತ್ತದೆ. ಒಬ್ಬರಿಗೆ ಎಸ್‌ಎಸ್‌ಎಲ್‌ಸಿ, ಇನ್ನೊಬ್ಬರಿಗೆ ಪಿಯುಸಿ, ಆಫೀಸಿನಲ್ಲಿ ಮಾರ್ಚ್ ಎಂಡ್, ಇದರ ನಡುವೆ ಊರಿನಿಂದ ಆಪರೇಷನ್‌ಗೆಂದು ಬಂದ ಅಪ್ಪನೋ ಅತ್ತೆಯೋ. ಯುಗಾದಿಯವರೆಗೆ ಯಾರಿಗೂ ಪುರುಸೊತ್ತಿಲ್ಲ, ಮೊದಲು ಹದಗೆಡುವುದು ಊಟ. ಅಕ್ಕಪಕ್ಕದವರು, ನೆಂಟರು, ಆಫೀಸಿನವರು ಈ ದಿನಗಳಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ದಿನದ ಪ್ರಮಾಣಗಳ ಮಾತು ಬಂದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯನ್ನು ಹಿಡಿದಿದ್ದೇನೆ. ಕಾಯಿಲೆಯವರ ಪಥ್ಯಕ್ಕೆ ಮಾತ್ರ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ.

ವಾರದ ಮೆನು ಬರೆದು ಫ್ರಿಜ್ಜಿಗೆ ಅಂಟಿಸುತ್ತೇನೆ. ಬುಧವಾರಕ್ಕೆಲ್ಲ ಹಳ್ಳ ಹಿಡಿದಿರುತ್ತದೆ. ಯಾಕೆ ಹೀಗೆ?

ಮೆನುವಿನಲ್ಲಿ ಅಡುಗೆಯ ಹೆಸರು ಬರೆದಿರುತ್ತೀರಿ, ಅದಕ್ಕೆ. 'ಬುಧವಾರ ಬಿಸಿಬೇಳೆಬಾತ್' ಎಂದು ಬರೆದರೆ ಅವತ್ತು ಹುರುಳಿಕಾಯಿ, ಕ್ಯಾರೆಟ್, ಬಟಾಣಿ, ಪುಡಿ, ಒಂದು ಗಂಟೆ ಸಮಯ ಎಲ್ಲವೂ ಇರಬೇಕು. ಒಂದು ತಪ್ಪಿದರೂ ಆರ್ಡರ್ ಮಾಡೋಣ ಬಿಡಿ ಅನ್ನಿಸುತ್ತದೆ. ಹೆಸರಿನ ಬದಲು ಬಗೆಯನ್ನು ಗೊತ್ತು ಮಾಡಿ. ಸೋಮವಾರ ತರಕಾರಿ ಹುಳಿ, ಮಂಗಳವಾರ ಕಾಳು ಸಾರು, ಬುಧವಾರ ಸೊಪ್ಪು, ಗುರುವಾರ ತಿಳಿಸಾರು ಜೊತೆಗೆ ಪಲ್ಯ, ಶುಕ್ರವಾರ ಮಜ್ಜಿಗೆ ಹುಳಿಯೋ ತಂಬುಳಿಯೋ ಏನಾದರೂ ಮೊಸರಿನದು, ಶನಿವಾರ ಒಂದೇ ಕುಕ್ಕರಿನಲ್ಲಿ ಆಗುವಂಥದ್ದು, ಭಾನುವಾರ ಮನೆಯ ರೂಢಿ. ಅದು ಕೋಳಿಸಾರೇ ಇರಬಹುದು. ಯಾವ ಸೊಪ್ಪು ಎಂಬುದನ್ನು ಬುಧವಾರ ಬೆಳಿಗ್ಗೆ ತಳ್ಳುಗಾಡಿಯವರು ತಂದ ಸೊಪ್ಪೇ ತೀರ್ಮಾನಿಸುತ್ತದೆ. ದಂಟು ಸಿಕ್ಕಿದರೆ ದಂಟು, ಸಬ್ಬಸಿಗೆ ಸಿಕ್ಕಿದರೆ ಸಬ್ಬಸಿಗೆ.

ಗಡಿಬಿಡಿಯ ದಿನಗಳಲ್ಲಿ ಜನ ಸುಸ್ತಾಗುವುದು ಬೇಯಿಸಿ ಅಲ್ಲ, 'ಇವತ್ತೇನು ಮಾಡಲಿ' ಎಂದು ದಿನಕ್ಕೆ ಮೂರು ಹೊತ್ತು ಯೋಚಿಸಿ. ಅದೂ ಬಹುಪಾಲು ಮನೆಗಳಲ್ಲಿ ಆ ಯೋಚನೆ ಒಬ್ಬರ ತಲೆಯ ಮೇಲೇ ಇರುತ್ತದೆ. ಕೆಳಗೆ ಬರೆದಿರುವುದರಲ್ಲಿ ಹೆಚ್ಚಿನದು ಆ ಯೋಚನೆಯನ್ನು ಕಡಿಮೆ ಮಾಡುವ ಉಪಾಯಗಳೇ.

ಆರೋಗ್ಯಕರ ಊಟ ಅಂದರೆ ಲೆಕ್ಕದಲ್ಲಿ ಎಷ್ಟು? ನಾಲ್ಕು ಜನಕ್ಕೆ ಏನೇನು ತರಬೇಕು?

ದಿನಕ್ಕೆ 2000 ಕಿಲೊ ಕ್ಯಾಲರಿ ಬೇಕಾಗುವ ಒಬ್ಬ ವಯಸ್ಕರಿಗೆ ಮಾರ್ಗಸೂಚಿ ಹೇಳುವುದು ಇಷ್ಟು: ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆ-ಕಾಳು ಅಥವಾ ಅದರ ಜಾಗದಲ್ಲಿ ಮೊಟ್ಟೆ-ಮಾಂಸ 85 ಗ್ರಾಂ, ಹಾಲು-ಮೊಸರು 300 ಮಿ.ಲೀ., ಕಡಲೆಕಾಯಿ, ಎಳ್ಳಿನಂಥವು 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ. ಧಾನ್ಯ, ಬೇಳೆಯ ತೂಕ ಬೇಯಿಸುವ ಮುಂಚಿನದು.

ಇದನ್ನು ನಾಲ್ಕು ಜನಕ್ಕೆ ಗುಣಿಸಿದರೆ ಗಾಬರಿಯಾಗುತ್ತದೆ. ದಿನಕ್ಕೆ 1.6 ಕೆಜಿ ತರಕಾರಿ, ವಾರಕ್ಕೆ 11 ಕೆಜಿ! ಅರ್ಧ ಕೆಜಿ ಹುರುಳಿಕಾಯಿಯಲ್ಲಿ ಇಡೀ ಮನೆಯ ದಿನ ಕಳೆಯುವ ನಮಗೆ ಅದು ದೂರದ ಮಾತು. ಈ ಎರಡು ತಿಂಗಳಲ್ಲಿ ಅಷ್ಟನ್ನು ಮುಟ್ಟಲೇಬೇಕೆಂದು ಹಟ ಬೇಡ. ಈಗ ತರುವುದಕ್ಕಿಂತ ಒಂದೂವರೆ ಪಟ್ಟು ತನ್ನಿ, ಹುಳಿಯಲ್ಲಿ ನೀರು ಕಮ್ಮಿ ಮಾಡಿ ಹೋಳು ಜಾಸ್ತಿ ಮಾಡಿ. ತಟ್ಟೆಯಲ್ಲಿ ಅರ್ಧ ಭಾಗ ಪಲ್ಯ, ಕೋಸಂಬರಿ, ಹೋಳು ಇರುವಂತೆ ಬಡಿಸಿಕೊಂಡರೆ ತಕ್ಕಡಿ ಬೇಕಾಗುವುದಿಲ್ಲ. ಅನ್ನವನ್ನು ಕೊನೆಗೆ ಬಡಿಸಿದರೆ ತಾನಾಗಿಯೇ ಕಮ್ಮಿಯಾಗುತ್ತದೆ.

ನಮ್ಮ ಕಡೆಯ ನಿಜವಾದ ಕೊರತೆ ಇನ್ನೊಂದಿದೆ. ತಿಳಿಸಾರು ಕುಡಿದು 'ಬೇಳೆ ತಿಂದೆವು' ಅಂದುಕೊಳ್ಳುತ್ತೇವೆ. 100 ಗ್ರಾಂ ತೊಗರಿಬೇಳೆಯಲ್ಲಿ 20 ಗ್ರಾಂ ಮೀರಿ ಪ್ರೋಟೀನ್ ಇರುವುದು ನಿಜ. ಆದರೆ ಒಂದು ಹಿಡಿ ಬೇಳೆ ಹಾಕಿ ಆರು ಲೋಟ ಸಾರು ಮಾಡಿದರೆ ಒಬ್ಬೊಬ್ಬರಿಗೆ ಸಿಗುವುದು ಎಷ್ಟು?

ಭಾನುವಾರ ಏನೇನು ಮಾಡಿಟ್ಟುಕೊಂಡರೆ ವಾರವೆಲ್ಲ ಸಲೀಸು?

ಪೂರ್ತಿ ಅಡುಗೆ ಮಾಡಿಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಗುರುವಾರ ಬರುವ ಹೊತ್ತಿಗೆ ಭಾನುವಾರದ ಹುಳಿಯನ್ನು ಯಾರೂ ಮುಟ್ಟುವುದಿಲ್ಲ, ಮುಟ್ಟಲೂ ಬಾರದು. ಮಾಡಿಡಬೇಕಾದ್ದು ಅಡುಗೆಯ ಅರ್ಧ ದಾರಿಯನ್ನು.

ತೊಗರಿಬೇಳೆಯನ್ನು ಬರೀ ಅರಿಸಿನ ಹಾಕಿ ಬೇಯಿಸಿ, ಆರಿಸಿ, ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ನಿಶ್ಚಿಂತೆ. ಬೇಕಾದಷ್ಟನ್ನು ಮಾತ್ರ ತೆಗೆದು ಕುದಿಸಿ. ಇಡೀ ಪಾತ್ರೆಯನ್ನು ದಿನಾ ಬಿಸಿ ಮಾಡಿ ಮತ್ತೆ ಒಳಗಿಡುವುದು ಬೇಡ. ಹುಣಸೆಹಣ್ಣನ್ನು ನೆನೆಸಿ ಕಿವುಚಿ ಗಟ್ಟಿ ರಸ ಕುದಿಸಿಟ್ಟರೆ ವಾರ ಬರುತ್ತದೆ. ತೆಂಗಿನಕಾಯಿ ತುರಿದು ಫ್ರೀಜರಿನಲ್ಲಿ ಸಣ್ಣ ಸಣ್ಣ ಡಬ್ಬಿಗಳಲ್ಲಿ ಇಡಿ. ಬೆಳಿಗ್ಗೆ ಆರಕ್ಕೆ ಕಾಯಿ ಒಡೆಯುವ ಕೆಲಸ ತಪ್ಪುತ್ತದೆ. ಹುರುಳಿಕಾಯಿ, ಕ್ಯಾರೆಟ್, ಎಲೆಕೋಸು ಹೆಚ್ಚಿಟ್ಟರೆ ಎರಡು ಮೂರು ದಿನ ಬಾಳುತ್ತವೆ. ಬದನೆಕಾಯಿ, ಆಲೂಗಡ್ಡೆ ಹೆಚ್ಚಿಡಬೇಡಿ, ಕಪ್ಪಾಗುತ್ತವೆ. ಕಾಯಿ ಅರೆದು ಹಾಕಿದ ಸಾರು, ಕೂಟು ಮರುದಿನಕ್ಕೆ ಮುಗಿಯಲಿ.

ಎಲ್ಲಕ್ಕಿಂತ ಉಪಕಾರಿ ಕಾಳು. ಶನಿವಾರ ರಾತ್ರಿ ಹೆಸರುಕಾಳು ನೆನೆಹಾಕಿ, ಭಾನುವಾರ ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಈ ಸೆಕೆಗೆ ರಾತ್ರಿಯೊಳಗೆ ಮೊಳಕೆ ಇಣುಕುತ್ತದೆ. ಅದೇ ಡಬ್ಬಿಯಿಂದ ಒಂದು ದಿನ ಉಸಲಿ, ಒಂದು ದಿನ ಸಾರು, ಮಿಕ್ಕಿದ್ದು ಉಪ್ಪಿಟ್ಟಿಗೆ. ಹಸಿ ಮೊಳಕೆಯನ್ನು ಹಾಗೇ ತಿನ್ನುವ ಅಭ್ಯಾಸ ಇದ್ದರೂ ವಯಸ್ಸಾದವರಿಗೆ, ಗರ್ಭಿಣಿಯರಿಗೆ, ಆಸ್ಪತ್ರೆಯಿಂದ ಬಂದವರಿಗೆ ಬೇಯಿಸಿಯೇ ಕೊಡಿ. ಮೊಳಕೆ ಬರುವ ಬೆಚ್ಚಗಿನ ತೇವದಲ್ಲೇ ಬ್ಯಾಕ್ಟೀರಿಯಾ ಕೂಡ ಬೆಳೆಯುತ್ತದೆ.

ಬೇಸಿಗೆಯಲ್ಲಿ ಕರೆಂಟು ಹೋಗುವುದು ನಮಗೆ ಹೊಸದಲ್ಲ. ಫ್ರಿಜ್ಜಿನ ಬಾಗಿಲು ಮುಚ್ಚೇ ಇದ್ದರೆ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ. ಅದಕ್ಕೂ ಮೀರಿದರೆ ಬೇಯಿಸಿಟ್ಟ ಬೇಳೆ, ಮಾಂಸ, ಹಾಲಿನ ಮೇಲೆ ಆಸೆ ಬಿಡಿ.

ನಮ್ಮಲ್ಲಿ ಬೇಳೆಯೇ ಬೇಯುವುದಿಲ್ಲ. ಆರು ಕೂಗು ಕೂಗಿಸಿದರೂ ಕಾಳು ಕಾಳಾಗಿಯೇ ಇರುತ್ತದೆ.

ಮನೆಗೆ ಬೋರ್‌ವೆಲ್ ನೀರೋ ಟ್ಯಾಂಕರ್ ನೀರೋ ಬರುತ್ತಿರಬೇಕು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆ-ಕಾಳು ಮೆತ್ತಗಾಗದಂತೆ ತಡೆಯುತ್ತವೆ. ಕಾವೇರಿ ನೀರು ಬರುವ ಮನೆಯಲ್ಲಿ ಅದೇ ಬೇಳೆ ಬೇಗ ಕರಗುತ್ತದೆ. ನೆನೆಸಲು, ಬೇಯಿಸಲು ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ. ಹುಣಸೆರಸ, ಟೊಮೆಟೊ ಬೇಳೆ ಬೆಂದ ಮೇಲೆ ಬೀಳಲಿ, ಹುಳಿ ಮೊದಲೇ ಸೇರಿದರೆ ಮೆತ್ತಗಾಗುವುದಿಲ್ಲ. ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಹಳೆಯ ಕಾಳಾದರೆ ಯಾವ ನೀರಿಗೂ ಬಗ್ಗುವುದಿಲ್ಲ.

ಸೊಪ್ಪು ಒಳ್ಳೆಯದು, ಗೊತ್ತು. ಬಿಡಿಸಿ ತೊಳೆಯುವವರು ಯಾರು?

ಬಹಳ ನ್ಯಾಯವಾದ ಪ್ರಶ್ನೆ. ರಾತ್ರಿ ಟಿವಿ ಮುಂದೆ ಕೂತವರ ಮಡಿಲಿಗೆ ಒಂದು ಕಟ್ಟು ಸೊಪ್ಪು ಹಾಕಿ. ತಮಾಷೆಗೆ ಹೇಳುತ್ತಿಲ್ಲ, ಗ್ಯಾಸಿನ ಹತ್ತಿರ ಹೋಗದೆ ಮಕ್ಕಳೂ ಅಪ್ಪಂದಿರೂ ಮಾಡಬಹುದಾದ ಕೆಲಸ ಇದೊಂದೇ. ಬಿಡಿಸಿದ್ದನ್ನು ತೊಳೆಯದೆ ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ಹಳೇ ಪೇಪರಿನಲ್ಲಿ ಬೇಡ, ಶಾಯಿ ಅಂಟುತ್ತದೆ. ಬೆಳಿಗ್ಗೆ ಅಗಲ ಪಾತ್ರೆಯಲ್ಲಿ ನೀರು ತುಂಬಿ ಸೊಪ್ಪನ್ನು ಮುಳುಗಿಸಿ ಮೇಲಕ್ಕೆತ್ತಿ, ಮಣ್ಣು ತಳದಲ್ಲಿ ಉಳಿಯುತ್ತದೆ. ನೀರು ತಿಳಿಯಾಗುವ ತನಕ ಹೀಗೇ ಮಾಡಿ. ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆದರೆ ಸತ್ವ ನೀರಿಗೆ ಹೋಗುತ್ತದೆ.

ಸಮಯ ಇಲ್ಲದವರಿಗೆ ಬಸ್ಸಾರಿಗಿಂತ ಜಾಣ ಅಡುಗೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ದಂಟಿನ ಸೊಪ್ಪು, ನೆನೆಸಿದ ಅಲಸಂದೆ ಕಾಳು ಒಟ್ಟಿಗೆ ಬೇಯಿಸಿ ಬಸಿಯಿರಿ. ಬಸಿದ ಕಟ್ಟಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಒಂದು ಹಿಡಿ ಕಾಯಿ, ಹುಣಸೆ, ಜೊತೆಗೆ ಬೆಂದ ಸೊಪ್ಪು-ಕಾಳು ಒಂದು ಸೌಟು ಅರೆದು ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು-ಕಾಳಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಸಲ ಬೇಯಿಸಿದ್ದರಲ್ಲಿ ಎರಡು ಅಡುಗೆ, ಚೆಲ್ಲುವ ನೀರು ಇಲ್ಲ. ಅಷ್ಟೂ ಬೇಡ ಅನ್ನಿಸಿದ ದಿನ ಮಸ್ಸೊಪ್ಪು: ಬೇಳೆ ಬೆಂದ ಮೇಲೆ ಸೊಪ್ಪು, ಟೊಮೆಟೊ, ಹಸಿಮೆಣಸಿನಕಾಯಿ ಸೇರಿಸಿ ಬೇಯಿಸಿ ಮಸೆದು ಒಗ್ಗರಣೆ ಹಾಕಿದರೆ ಮುಗಿಯಿತು. ಬಡಿಸುವಾಗ ನಿಂಬೆರಸ ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಹೆಚ್ಚುತ್ತದೆ.

ಬೆಳಿಗ್ಗೆ ಮಾಡಿದ ಬಾತೇ ತಿಂಡಿ, ಅದೇ ಡಬ್ಬಿಗೆ. ತಪ್ಪೇ?

ತಪ್ಪಲ್ಲ. ಇಡೀ ಬೆಂಗಳೂರು ಹಾಗೇ ಬದುಕುತ್ತಿದೆ. ಆದರೆ ಚಿತ್ರಾನ್ನ ತಿಂದು ಹೋದ ಮಗು ಮಧ್ಯಾಹ್ನ ಮತ್ತೆ ಚಿತ್ರಾನ್ನ ತಿಂದು, ಸಂಜೆ ಬಂದು ಚಿಪ್ಸಿಗೆ ಕೈ ಹಾಕುತ್ತದೆ. ಬಾತಿನಲ್ಲೇ ಬದಲಾವಣೆ ತನ್ನಿ. ವಾಂಗಿಬಾತಿಗೆ ಒಂದು ಲೋಟ ಬೇಯಿಸಿದ ಕಡಲೆಕಾಳು, ಚಿತ್ರಾನ್ನಕ್ಕೆ ಒಗ್ಗರಣೆಯಲ್ಲಿ ನಾಲ್ಕು ಕಾಳಲ್ಲ, ತಲೆಗೊಂದು ಹಿಡಿ ಕಡಲೆಕಾಯಿ, ಪುಲಾವಿಗೆ ಬಟಾಣಿ ಧಾರಾಳ. ಪಕ್ಕದಲ್ಲಿ ಸೌತೆಕಾಯಿ ಮೊಸರುಬಜ್ಜಿ. ಮೊಟ್ಟೆ ತಿನ್ನುವವರಿಗೆ ಬೇಯಿಸಿದ ಮೊಟ್ಟೆಗಿಂತ ಸುಲಭದ್ದು ಇಲ್ಲ, ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್.

ವಾರದ ತಿಂಡಿಗೂ ಬಗೆಯ ಲೆಕ್ಕವೇ ಸಾಕು: ಮೂರು ದಿನ ಇಡ್ಲಿ-ದೋಸೆ ಹಿಟ್ಟು, ಎರಡು ದಿನ ರವೆಯೋ ಅವಲಕ್ಕಿಯೋ, ಒಂದು ದಿನ ರೊಟ್ಟಿ ಅಥವಾ ಚಪಾತಿ, ಒಂದು ದಿನ ಬಾತು. ಉಪ್ಪಿಟ್ಟಿಗೆ ರವೆ ಎಷ್ಟೋ ತರಕಾರಿಯೂ ಅಷ್ಟೇ ಹಾಕಿ.

ಅಂಗಡಿಯ ದೋಸೆ ಹಿಟ್ಟು ತರಬಹುದಾ?

ಧಾರಾಳವಾಗಿ ತನ್ನಿ. ಪ್ಯಾಕೆಟ್ಟಿನ ಹಿಂದೆ ಅಕ್ಕಿ, ಉದ್ದು, ಮೆಂತ್ಯ, ನೀರು, ಉಪ್ಪು ಇಷ್ಟೇ ಇದೆಯೇ, ಯಾವತ್ತು ಪ್ಯಾಕ್ ಆಗಿದೆ ನೋಡಿಕೊಳ್ಳಿ. ಯಾವುದೇ ಪ್ಯಾಕೆಟ್ಟಿನಲ್ಲಿ ಹೆಚ್ಚು ತೂಕದ ಪದಾರ್ಥವನ್ನು ಮೊದಲು ಬರೆದಿರುತ್ತಾರೆ. 'ಮಿಲೆಟ್' ಎಂದು ಮುಖಕ್ಕೆ ದೊಡ್ಡದಾಗಿ ಬರೆದು, ಹಿಂದೆ ನೋಡಿದರೆ ಮೈದಾ, ಸಕ್ಕರೆ ಮೊದಲಿದ್ದು ರಾಗಿ ಕೊನೆಯಲ್ಲಿದ್ದರೆ ಅದನ್ನು ಬಿಸ್ಕತ್ತು ಎಂದೇ ತಿಳಿಯಿರಿ. ತಂದ ಹಿಟ್ಟಿಗೆ ನಾಲ್ಕು ಚಮಚ ರಾಗಿಹಿಟ್ಟು ಕಲಸಿದರೆ ದೋಸೆ ಗರಿಗರಿಯಾಗಿಯೇ ಬರುತ್ತದೆ.

ರಾಗಿ ತಿನ್ನಬೇಕು ಅಂತಾರೆ. ಮುದ್ದೆ ತಿರುವುವುದು ನನ್ನಿಂದಾಗದು.

ತಪಲೆ, ಹಿಟ್ಟಿನ ಕೋಲು ಹಿಡಿದು ಗಂಟಿಲ್ಲದೆ ತಿರುವುವುದು ನಿಜಕ್ಕೂ ಕಲಿಯಬೇಕಾದ ವಿದ್ಯೆ. ಪರೀಕ್ಷೆಯ ತಿಂಗಳಲ್ಲಿ ಕಲಿಯಲು ಹೊರಡಬೇಡಿ. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂ, 100 ಗ್ರಾಂಗೆ 340ರಿಂದ 360 ಮಿ.ಗ್ರಾಂನಷ್ಟು. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ಅದು ಮುದ್ದೆಯಾಗಿಯೇ ಹೊಟ್ಟೆ ಸೇರಬೇಕೆಂದೇನಿಲ್ಲ. ಸಬ್ಬಸಿಗೆ, ಈರುಳ್ಳಿ ಹಾಕಿದ ರಾಗಿರೊಟ್ಟಿ, ಮಜ್ಜಿಗೆಯಲ್ಲಿ ಕಲಸಿ ಹುಯ್ಯುವ ದಿಢೀರ್ ದೋಸೆ, ಬಿಸಿಲಿಗೆ ಅಂಬಲಿ ಯಾವುದಾದರೂ ಆಗುತ್ತದೆ. ಅಂಬಲಿಯನ್ನು ರಾತ್ರಿಯೇ ಕಾಯಿಸಿ ಆರಿಸಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ, ಕರಿಬೇವು ಸೇರಿಸಿದರೆ ಆಫೀಸಿಗೆ ಬಾಟಲಿಯಲ್ಲೇ ಒಯ್ಯಬಹುದು.

ರಾತ್ರಿ ಮಿಕ್ಕ ಅನ್ನ ಬೆಳಿಗ್ಗೆ ಚಿತ್ರಾನ್ನ ಮಾಡುವುದು ಸರಿಯೇ?

ಅನ್ನ ರಾತ್ರಿಯೆಲ್ಲ ಎಲ್ಲಿತ್ತು ಎಂಬುದರ ಮೇಲೆ ಹೋಗುತ್ತದೆ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗಿದ್ದಷ್ಟು ಹೊತ್ತೂ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ಬೇಯಿಸಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ಊಟವಾದ ಕೂಡಲೇ ಅಗಲ ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಜ್ಜಿಗೆ ಸೇರಿಸಿದರೆ ಬೆಳಗಿನ ಚಿತ್ರಾನ್ನಕ್ಕೆ ಅಡ್ಡಿಯಿಲ್ಲ. ಉದುರುದುರಾಗಿಯೂ ಬರುತ್ತದೆ.

ಪರೀಕ್ಷೆ ಬರೆಯುವ ಮಗುವಿಗೆ ಏನು ಕೊಡಬೇಕು? ಬಾದಾಮಿ, ಬ್ರಾಹ್ಮಿ ಅಂತೆಲ್ಲ ಹೇಳುತ್ತಾರೆ.

ಬಾದಾಮಿ ಒಳ್ಳೆಯದೇ, ಕಡಲೆಕಾಯಿಯೂ ಒಳ್ಳೆಯದೇ, ಅದೂ ಅಗ್ಗ. ಯಾವುದನ್ನು ತಿಂದರೂ ಓದದ ಪಾಠ ತಲೆಗೆ ಹತ್ತುವುದಿಲ್ಲ. ಪರೀಕ್ಷೆಯ ದಿನ ಮಗು ಮೊದಲಿಂದ ತಿಂದು ಅಭ್ಯಾಸವಿರುವುದನ್ನೇ ಕೊಡಿ. ಇಡ್ಲಿ, ಖಾರ ಕಮ್ಮಿ ಇರುವ ಪೊಂಗಲ್, ಅವಲಕ್ಕಿ, ಅಕ್ಕಿರೊಟ್ಟಿ, ಇವೆಲ್ಲ ಸರಿ. ಅವತ್ತೇ ಹೊಸದೇನನ್ನೋ ಪ್ರಯೋಗ ಮಾಡುವುದು, ಎಣ್ಣೆಯಲ್ಲಿ ಕರಿದ ಪೂರಿ ತುಂಬಿಸಿ ಕಳಿಸುವುದು ಬೇಡ. ಹೆದರಿಕೆಗೆ ಬೆಳಿಗ್ಗೆ ಏನೂ ಇಳಿಯದ ಮಕ್ಕಳೂ ಇರುತ್ತಾರೆ. ಅವರಿಗೆ ಬಾಳೆಹಣ್ಣು, ಒಂದು ಲೋಟ ಹಾಲು ಅಥವಾ ರಾಗಿ ಹುರಿಹಿಟ್ಟಿನ ಗಂಜಿ ಸಾಕು. ಬಾಯಿಗೆ ತುರುಕಬೇಡಿ. ಪರೀಕ್ಷೆ ಮುಗಿಸಿ ಬಂದ ಕೂಡಲೇ ಸರಿಯಾದ ಊಟ ಸಿದ್ಧವಿರಲಿ, 'ಪೇಪರ್ ಹೇಗಿತ್ತು' ಊಟದ ನಂತರ.

ರಾತ್ರಿ ಓದುವಾಗ ಹಸಿವಾಗುವುದು ಸಹಜ. ಹುರಿಗಡಲೆ, ಮಂಡಕ್ಕಿ, ಕತ್ತರಿಸಿದ ಕರಬೂಜ, ಮಜ್ಜಿಗೆ ಕೈಗೆ ಸಿಗುವಲ್ಲಿ ಇರಲಿ. ನೂಡಲ್ಸ್ ಪ್ಯಾಕೆಟ್ ಕೈಗೆ ಸಿಗದಲ್ಲಿ ಇರಲಿ. ಎನರ್ಜಿ ಡ್ರಿಂಕ್ ಬೇಡವೇ ಬೇಡ, ಅದರಲ್ಲಿ ಇರುವುದು ಕೆಫೀನ್ ಮತ್ತು ಸಕ್ಕರೆ. ಅದು ಕದಿಯುವ ನಿದ್ದೆಯೇ ಮಗುವಿಗೆ ಬೇಕಾಗಿರುವುದು.

ಹಾಲಿಗೆ ಬೆರೆಸುವ 'ಹೆಲ್ತ್ ಡ್ರಿಂಕ್' ಪುಡಿ?

ನಮ್ಮ ಆಹಾರ ಕಾನೂನಿನಲ್ಲಿ 'ಹೆಲ್ತ್ ಡ್ರಿಂಕ್' ಎಂಬ ವರ್ಗವೇ ಇಲ್ಲ. ಅಂಥ ಪಾನೀಯಗಳನ್ನು ಆ ಹೆಸರಿನಡಿ ಮಾರಬೇಡಿ ಎಂದು ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಇ-ಕಾಮರ್ಸ್ ಕಂಪನಿಗಳಿಗೆ ತಿಳಿಸಿತ್ತು. ಡಬ್ಬಿಯ ಹಿಂದೆ 100 ಗ್ರಾಂಗೆ ಎಷ್ಟು ಸಕ್ಕರೆ ಎಂದು ನೋಡಿ, ಆಮೇಲೆ ತೀರ್ಮಾನ ಮಾಡಿ. ಬೆಲ್ಲ ಹಾಕಿದರೆ ಪರವಾಗಿಲ್ಲ ಎನ್ನುವುದೂ ಸಮಾಧಾನದ ಮಾತು, ಮೈಗೆ ಅದೂ ಸಕ್ಕರೆಯೇ.

ಆಸ್ಪತ್ರೆಯಿಂದ ಬಂದ ಮಾವನಿಗೆ ಶುಗರ್, ಬಿಪಿ ಎರಡೂ ಇದೆ. ಬೇರೆ ಅಡುಗೆ ಮಾಡಲು ಸಮಯವೆಲ್ಲಿ?

ಬೇರೆ ಅಡುಗೆ ಬೇಡ. ಮನೆಯವರೆಲ್ಲ ಅವರ ಅಡುಗೆಯ ಹತ್ತಿರಕ್ಕೆ ಬನ್ನಿ, ಎಲ್ಲರಿಗೂ ಒಳ್ಳೆಯದು. ಸಾರಿಗೆ ಉಪ್ಪು ಕಮ್ಮಿ ಹಾಕಿ, ಬೇಕಾದವರು ತಟ್ಟೆಗೆ ಹಾಕಿಕೊಳ್ಳಲಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಉಪ್ಪು ಮಿತಿ. ನಾಲ್ಕು ಜನದ ಮನೆಯಲ್ಲಿ ಒಂದು ಕೆಜಿ ಪ್ಯಾಕೆಟ್ ಒಂದೂವರೆ ತಿಂಗಳಿಗಿಂತ ಮೊದಲೇ ಖಾಲಿಯಾಗುತ್ತಿದ್ದರೆ ಜಾಸ್ತಿ ತಿನ್ನುತ್ತಿದ್ದೀರಿ ಎಂದೇ ಅರ್ಥ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಅಂಗಡಿ ಮಿಕ್ಸ್‌ಚರ್‌ಗಳ ಉಪ್ಪು ಇದರ ಮೇಲೆ. 'ಲೋ ಸೋಡಿಯಂ' ಉಪ್ಪು ತರುವ ಮುಂಚೆ ಡಾಕ್ಟರನ್ನು ಕೇಳಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇರುವವರಿಗೂ ಕೆಲವು ಬಿಪಿ ಮಾತ್ರೆ ನುಂಗುವವರಿಗೂ ಅಪಾಯ.

ಶುಗರ್ ಇರುವವರು ರಾಗಿಮುದ್ದೆ ಎಷ್ಟು ತಿಂದರೂ ನಡೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಾಗಿಹಿಟ್ಟೂ ಸಕ್ಕರೆ ಏರಿಸುತ್ತದೆ. ಸಣ್ಣ ಮುದ್ದೆ, ಹೆಚ್ಚು ಸೊಪ್ಪು-ಕಾಳು ಸರಿಯಾದ ಲೆಕ್ಕ.

ಇನ್ನೊಂದು, ಗಂಜಿ. ಆಪರೇಷನ್ ಆದವರಿಗೆ ವಾರಗಟ್ಟಲೆ ಬರೀ ಅಕ್ಕಿ ಗಂಜಿ, ಬ್ರೆಡ್ಡು, ಎಳನೀರು ಕೊಡುತ್ತಾರೆ. ಗಾಯ ಮಾಯಲು ಪ್ರೋಟೀನ್ ಬೇಕು, ಆ ಗಂಜಿಯಲ್ಲಿ ಅದು ಬಹಳ ಕಮ್ಮಿ. ಡಾಕ್ಟರು ಬೇಡ ಎನ್ನದಿದ್ದರೆ ಅಕ್ಕಿಯ ಜೊತೆ ಅಷ್ಟೇ ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿ, ಶುಂಠಿ-ಜೀರಿಗೆ ಒಗ್ಗರಣೆ ಕೊಡಿ. ಹೃದಯದ ಚಿಕಿತ್ಸೆಯಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರಾದರೆ ಸೊಪ್ಪು ಒಂದು ವಾರ ರಾಶಿ, ಒಂದು ವಾರ ಪೂರಾ ಬಂದ್ ಎಂದು ಮಾಡಬೇಡಿ. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನು ಏರುಪೇರು ಮಾಡುತ್ತದೆ. ಎಷ್ಟು ಎಂದು ಕೇಳಿಕೊಂಡು ಒಂದೇ ಪ್ರಮಾಣ ಕಾಯ್ದುಕೊಳ್ಳಿ.

ಆಸ್ಪತ್ರೆಯಲ್ಲಿ ರೋಗಿಯ ಜೊತೆ ಇರುವವರ ಊಟ?

ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಯಲಹಂಕದಿಂದ ಬನ್ನೇರುಘಟ್ಟ ರಸ್ತೆಯ ಜಯದೇವಕ್ಕೋ ಹೊಸೂರು ರಸ್ತೆಯ ಕಿದ್ವಾಯಿಗೋ ದಿನಾ ಓಡಾಡುವವರು ಟ್ರಾಫಿಕ್ಕಿನಲ್ಲೇ ಅರ್ಧ ಹಸಿವು ಕಳೆದಿರುತ್ತಾರೆ, ಆಮೇಲೆ ಕಾಫಿ, ಬನ್ನು, ಮತ್ತೆ ಕಾಫಿ. ಬಿಸಿಲಿನಲ್ಲಿ ಕೆಡದ ಊಟ ಕಟ್ಟಿಕೊಡಿ: ಚಪಾತಿ ಜೊತೆ ಒಣ ಪಲ್ಯ, ಕಡಲೆಕಾಳು ಉಸಲಿ, ಬಾಳೆಹಣ್ಣು, ಹುರಿಗಡಲೆ-ಕಡಲೆಕಾಯಿ ಕಲಸಿದ ಒಂದು ಡಬ್ಬಿ. ಕಾಯಿಚಟ್ನಿ, ಹೆಚ್ಚಿದ ಹಣ್ಣು ಬೇಡ. ಮೊಸರನ್ನ ಕಳಿಸುವುದಾದರೆ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸಿ, ಮಧ್ಯಾಹ್ನಕ್ಕೆ ಹದವಾಗಿ ಹುಳಿ ಬಂದಿರುತ್ತದೆ. ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ಬಿಸಿ ಇಡ್ಲಿ ತಿನ್ನಲು ಸಂಕೋಚ ಯಾಕೆ?

ಅಡುಗೆಯವರು ಬರುತ್ತಾರೆ, ಆದರೆ ಎಣ್ಣೆ ಸುರಿಯುತ್ತಾರೆ. ಹೇಳಿದರೆ ಬೇಜಾರು.

ರುಚಿ ಆಗಿಲ್ಲ ಎಂದು ಯಾರೂ ಹೇಳಬಾರದಲ್ಲ, ಅದಕ್ಕೇ ಪಾಪ ಅವರು ಎಣ್ಣೆ ಹಾಕುವುದು. 'ಅಕ್ಕ, ಡಾಕ್ಟರು ಎಣ್ಣೆ ಅಳೆದು ಹಾಕಿ ಅಂದಿದ್ದಾರೆ' ಎಂದು ಹೇಳಿ, ದಿನದ ಎಣ್ಣೆಯನ್ನು ಬೇರೆ ಬಟ್ಟಲಿಗೆ ಸುರಿದಿಡಿ. ಒಬ್ಬರಿಗೆ 27 ಗ್ರಾಂ ಎಂದರೆ ತಿಂಗಳಿಗೆ 900 ಮಿ.ಲೀ. ಹತ್ತಿರ, ನಾಲ್ಕು ಜನಕ್ಕೆ ತುಪ್ಪವೂ ಸೇರಿ ಮೂರೂವರೆ ಲೀಟರ್. ನಿಮ್ಮ ದಿನಸಿ ಬಿಲ್ಲಿನ ಜೊತೆ ಹೋಲಿಸಿ ನೋಡಿ. ರಾತ್ರಿಯೇ ನಾಳೆಯ ಬಗೆಯನ್ನು ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಮಾಡಿ ಕಳಿಸಿದರೆ ಬೆಳಿಗ್ಗೆ ಬಾಗಿಲಲ್ಲಿ ನಿಂತು 'ಏನ್ ಮಾಡ್ಲಿ ಮೇಡಂ' ಎಂಬ ಪ್ರಶ್ನೆ ಇರುವುದಿಲ್ಲ.

ಆ್ಯಪಿನಲ್ಲಿ ಆರ್ಡರ್, ದರ್ಶಿನಿ ಊಟ ಪೂರ್ತಿ ಬಿಡಬೇಕಾ?

ಬಿಡಲಾಗುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ವಾರದಲ್ಲಿ ಒಂದೋ ಎರಡೋ ಹೊತ್ತು ಎಂದು ನೀವೇ ಮೊದಲೇ ಇಟ್ಟುಕೊಂಡರೆ ತಪ್ಪಿತಸ್ಥರಂತೆ ತಿನ್ನಬೇಕಾಗಿಲ್ಲ. ದರ್ಶಿನಿಯಲ್ಲಿ ಇಡ್ಲಿ-ಸಾಂಬಾರ್, ಮಿನಿ ಮೀಲ್ಸ್ ಒಳ್ಳೆಯ ಆಯ್ಕೆಗಳು, ರೈಸ್‌ಬಾತ್ ಬದಲು ಚಪಾತಿ-ಸಾಗು ತಗೊಳ್ಳಿ. ಹೊರಗಿನದು ತರಿಸುವಾಗ ಚಪಾತಿ, ಅನ್ನದಂಥವನ್ನು ತರಿಸಿ, ಪಲ್ಯ, ಮೊಸರುಬಜ್ಜಿ ಮನೆಯಲ್ಲಿ ಮಾಡಿ. ತರಕಾರಿ ಕಮ್ಮಿ, ಎಣ್ಣೆ ಹೆಚ್ಚು ಇರುವುದು ಹೋಟೆಲಿನ ಪಲ್ಯದಲ್ಲೇ.

ಕಾಫಿ?

ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. 150 ಮಿ.ಲೀ. ಕುದಿಸಿ ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್, ದಿನದ ಮಿತಿ 300. ಊಟ-ತಿಂಡಿಗೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಬೇಡ, ಕಬ್ಬಿಣಾಂಶ ಹೀರುವುದಕ್ಕೆ ಅಡ್ಡಿ. ಇಡ್ಲಿ ಮುಗಿಸಿ ತಟ್ಟೆ ಸರಿಸಿದ ಕೂಡಲೇ ಲೋಟ ಹಿಡಿಯುವ ನಮ್ಮ ಅಭ್ಯಾಸವೇ ಇಲ್ಲಿ ತೊಡಕು.

ತರಕಾರಿ ಎಲ್ಲಿ ತರುವುದು ಲೇಸು?

ದೊಡ್ಡ ಸಂತೆಗೆ ವಾರಕ್ಕೊಮ್ಮೆ, ಸೊಪ್ಪಿಗೆ ತಳ್ಳುಗಾಡಿ. ಕೆ.ಆರ್. ಮಾರ್ಕೆಟ್ಟಿಗೆ ಬೆಳಗಿನ ಜಾವ ಹೋಗುವ ಚೈತನ್ಯ ಈ ದಿನಗಳಲ್ಲಿ ಯಾರಿಗಿದೆ? ಗಾಂಧಿಬಜಾರ್, ಮಲ್ಲೇಶ್ವರದ ಎಂಟನೇ ಕ್ರಾಸ್, ಮಡಿವಾಳ, ಯಾವುದು ಹತ್ತಿರವೋ ಅದು. 1959ರಲ್ಲಿ ಶುರುವಾದ ತೋಟಗಾರಿಕೆ ಬೆಳೆಗಾರರ ಸಹಕಾರ ಸಂಘ ಹಾಪ್‌ಕಾಮ್ಸ್‌ನ ಮಳಿಗೆ ನಿಮ್ಮ ದಾರಿಯಲ್ಲಿದ್ದರೆ ಚೌಕಾಸಿಯ ಹೊತ್ತು ಉಳಿಯುತ್ತದೆ, ದರ ಬೋರ್ಡಿನಲ್ಲೇ ಇರುತ್ತದೆ. ಹತ್ತು ನಿಮಿಷದ ಆ್ಯಪನ್ನು ಮರೆತ ಕೊತ್ತಂಬರಿಗೆ ಇಟ್ಟುಕೊಳ್ಳಿ. ಅದರಲ್ಲಿ ತರಕಾರಿ ಹುಡುಕಲು ಹೋದವರ ಬುಟ್ಟಿಗೆ ಐಸ್‌ಕ್ರೀಂ ಬೀಳದೆ ಇರುವುದಿಲ್ಲ. ಅವರೆಕಾಯಿ ಫೆಬ್ರವರಿಗೆ ಮುಗಿಯುತ್ತ ಬರುತ್ತದೆ, ಆಮೇಲೆ ದ್ರಾಕ್ಷಿ, ಕಲ್ಲಂಗಡಿ, ಕರಬೂಜ, ನುಗ್ಗೆಕಾಯಿ ಅಗ್ಗ.

ಇದರ ನಡುವೆ ಯುಗಾದಿ ಬಂತು. ಹೋಳಿಗೆ ಮಾಡಲೇಬೇಕಾ?

ಅಂಗಡಿಯಿಂದ ತನ್ನಿ, ಯಾವ ದೇವರೂ ಕೋಪಿಸಿಕೊಳ್ಳುವುದಿಲ್ಲ. ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಈಗ ಹೋಳಿಗೆ ಮನೆಗಳಿವೆ, ಹಬ್ಬದ ಹಿಂದಿನ ದಿನ ಸಾಲು ನಿಲ್ಲಬೇಕಾಗುತ್ತದೆ, ಮೊದಲೇ ಹೇಳಿಟ್ಟಿರಿ. ಹೋಳಿಗೆ ಕೊಂಡು ತಂದರೆ ಒಂದೇ ನಷ್ಟ, ಬೇಳೆ ಬಸಿದ ಕಟ್ಟು ಸಿಗುವುದಿಲ್ಲ, ಕಟ್ಟಿಲ್ಲದೆ ಒಬ್ಬಟ್ಟಿನ ಸಾರಿಲ್ಲ. ಆ ಸಾರಿಗಾಗಿಯೇ ಹಬ್ಬಕ್ಕೆ ಕಾಯುವವರು ಮನೆಯಲ್ಲಿದ್ದರೆ ಎರಡು ಲೋಟ ತೊಗರಿಬೇಳೆ ಬೇಯಿಸಿ ಬಸಿಯಿರಿ. ಕಟ್ಟಿನಲ್ಲಿ ಸಾರು ಮಾಡಿ, ಬೇಳೆಯ ಅರ್ಧವನ್ನು ಹುರುಳಿಕಾಯಿ, ಕಾಯಿತುರಿ ಹಾಕಿ ಪಲ್ಯ ಮಾಡಿ. ಉಳಿದರ್ಧ ಫ್ರಿಜ್ಜಿಗೆ ಹೋಗಲಿ, ಮರುದಿನದ ಹುಳಿಗೆ ಬೇಳೆ ಬೇಯಿಸುವ ಕೆಲಸವಿಲ್ಲ.